ರಜೆಯಲ್ಲಿರುವ ರೋಗಿ ನಗಬಾರದೇ?

ಕಾಲು ಮುರಿದು ಮನೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ನಾವು ಮೂಸಂಬಿ, ಬ್ರೆಡ್ಡು ಕೊಂಡೊಯ್ಯುತ್ತೇವೆ. ಟೈಫಾಯಿಡ್‌ನಿಂದ ಎದ್ದವರಿಗೆ, "ಹವಾ ಬದಲಾಗಲಿ, ನಾಲ್ಕು ದಿನ ಅಕ್ಕನ ಮನೆಗೆ ಹೋಗಿ ಬಾ" ಎಂದು ನಾವೇ ಸಲಹೆ ನೀಡುತ್ತೇವೆ. ಅದರಲ್ಲಿ ಯಾರಿಗೂ ತಪ್ಪು ಕಾಣಿಸುವುದಿಲ್ಲ. ಆದರೆ ಮನಸ್ಸಿನ ಕಾಯಿಲೆಗಾಗಿ ವೈದ್ಯಕೀಯ ರಜೆ ಪಡೆದವರು ಮೂರು ದಿನ ಊರು ಬಿಟ್ಟು ಹೋಗಿ ಬಂದರೆ ನಮ್ಮ ಮಾತಿನ ಧಾಟಿಯೇ ಬದಲಾಗುತ್ತದೆ. "ರೋಗವೂ ಇಲ್ಲ, ಗೀಗವೂ ಇಲ್ಲ. ರಜೆ ಹಾಕಿ ಮಜಾ ಮಾಡುತ್ತಿದ್ದಾರೆ" ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಈ ತೀರ್ಪನ್ನು ಸ್ವತಃ ಕೇಳಿಸಿಕೊಂಡವಳು ನಾನು. ಮಲೆನಾಡಿನ ಪಟ್ಟಣವೊಂದರ ಖಾಸಗಿ ಶಾಲೆಯಲ್ಲಿ ಗಣಿತ ಶಿಕ್ಷಕಿಯಾಗಿದ್ದೇನೆ. ಕೆಲವು ವರ್ಷಗಳ ಹಿಂದೆ ನನಗೆ ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗತೊಡಗಿತು. ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಉತ್ತರ ಪತ್ರಿಕೆಯ ಒಂದು ಪುಟವನ್ನು ನಾಲ್ಕು ಸಲ ಓದಿದರೂ ಅಂಕ ಹಾಕಲು ಆಗುತ್ತಿರಲಿಲ್ಲ. ನಮಾಝ್‌ಗೆ ನಿಂತರೆ ಎಷ್ಟನೇ ರಕ್‌ಅತ್ ಎಂಬುದೇ ಮರೆತು ಹೋಗುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ಕಾರಣವಿಲ್ಲದೆ ಅಳು ಬರುತ್ತಿತ್ತು. ಒಂದು ದಿನ ನಮ್ಮ ಆಪಾ ಬಳಿ, "ನಾನಿಲ್ಲದಿದ್ದರೆ ಈ ಮನೆಯವರಿಗೆಲ್ಲ ಹಗುರವಾಗುತ್ತದೆ ಅನಿಸುತ್ತದೆ ಆಪಾ" ಎಂದೆ. ಆಪಾ ಏನೂ ಉಪದೇಶ ಮಾಡಲಿಲ್ಲ. ಅಂದೇ ನನ್ನನ್ನು ಮನೋವೈದ್ಯರ ಬಳಿ ಕರೆದೊಯ್ದರು. ವೈದ್ಯರು ಇದು ಖಿನ್ನತೆ ಎಂದು ಹೇಳಿ, ಮಾತ್ರೆ ಬರೆದು, ಆರು ವಾರಗಳ ವಿಶ್ರಾಂತಿಗೆ ಪ್ರಮಾಣಪತ್ರ ಕೊಟ್ಟರು.

ಈ ಮಾತ್ರೆಗಳು ತಲೆನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಹೆಚ್ಚಿನವರಿಗೆ ಮೊದಲು ನಿದ್ದೆ ಮತ್ತು ಹಸಿವು ಸರಿಹೋಗುತ್ತವೆ. ಬದುಕಿನ ರುಚಿ ಮರಳುವುದು ಆಮೇಲೆ. ನಾಲ್ಕನೇ ವಾರ ಹೋದಾಗ ವೈದ್ಯರು, "ಇನ್ನು ಮನೆಯ ಗೋಡೆ ನೋಡುತ್ತಾ ಕೂರಬೇಡಿ. ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಜೊತೆಗೆ ಯಾರಾದರೂ ಬರುವುದಾದರೆ ಎರಡು ಮೂರು ದಿನ ಎಲ್ಲಿಗಾದರೂ ಹೋಗಿ ಬನ್ನಿ. ಮಾತ್ರೆ ಮಾತ್ರ ತಪ್ಪಿಸಬೇಡಿ" ಎಂದರು. "ನನಗೆ ಎಲ್ಲಿಗೂ ಹೋಗುವ ಮನಸ್ಸಿಲ್ಲ ಡಾಕ್ಟ್ರೇ" ಎಂದೆ. "ಮನಸ್ಸು ಬರಲಿ, ಆಮೇಲೆ ಹೋಗುತ್ತೇನೆ ಎಂದು ಕಾದರೆ ಈ ಕಾಯಿಲೆಯಲ್ಲಿ ಮನಸ್ಸು ಬರುವುದೇ ಇಲ್ಲ. ಮೊದಲು ಹೆಜ್ಜೆ ಇಡಿ, ಮನಸ್ಸು ಹಿಂದಿನಿಂದ ಬರುತ್ತದೆ" ಎಂದರು. ಖಿನ್ನತೆಯ ಚಿಕಿತ್ಸೆಯಲ್ಲಿ ಇದು ಒಂದು ಮಾನ್ಯ ವಿಧಾನವೆಂದು ನನಗೆ ಆಮೇಲೆ ತಿಳಿಯಿತು. ರೋಗಿಯು ತ್ಯಜಿಸಿದ ಸಣ್ಣ ಸಣ್ಣ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ಆರಂಭಿಸುವುದೇ ಅದರ ಮುಖ್ಯ ಅಂಶ.

ಆಪಾ ಮತ್ತು ಅವರ ಮಗಳ ಜೊತೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿದು ಮಲ್ಪೆಗೆ ಹೋದೆವು. ಮೊದಲ ದಿನವಿಡೀ ನಾನು ಲಾಡ್ಜಿನ ಕೋಣೆಯಲ್ಲಿ ಮಲಗಿಯೇ ಇದ್ದೆ. ಎರಡನೆಯ ದಿನ ಅಸರ್ ನಮಾಝ್ ಮುಗಿಸಿ ಮರಳಿನ ಮೇಲೆ ಕುಳಿತವಳು ಮಗ್ರಿಬ್ ತನಕ ಎದ್ದಿರಲಿಲ್ಲ. ಆ ರಾತ್ರಿ ಹುರಿದ ಬಂಗುಡೆ ಬಾಯಿಗೆ ರುಚಿಸಿತು. ಅದೆಷ್ಟೋ ವಾರಗಳ ನಂತರ ಅನ್ನ ಅನ್ನದಂತೆ ಇತ್ತು. ಅಲ್‌ಹಮ್ದುಲಿಲ್ಲಾಹ್ ಎಂದು ಹೇಳುವಾಗ ಆಪಾ ಕಣ್ಣು ಒರೆಸಿಕೊಂಡರು.

ಅಂದು ಸಂಜೆ ಆಪಾ ಮಗಳು ತೆಗೆದ ಒಂದು ಫೋಟೋದಲ್ಲಿ ನಾನು ನಗುತ್ತಿದ್ದೆ. ಅವಳು ಖುಷಿಯಿಂದ ಅದನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಅದು ಶಾಲೆಯ ಸ್ಟಾಫ್ ರೂಮ್ ತಲುಪಲು ಒಂದು ರಾತ್ರಿ ಸಾಕಾಯಿತು. ಮರುದಿನ ಮುಖ್ಯೋಪಾಧ್ಯಾಯಿನಿಯವರ ಫೋನ್ ಬಂತು. "ಸಮುದ್ರ ನೋಡಲು ಆಗುತ್ತದೆ, ತರಗತಿಗೆ ಬರಲು ಆಗುವುದಿಲ್ಲವೇ ಟೀಚರ್?" ನೆರೆಮನೆಯ ಖಾಲಾ ಅಮ್ಮಿಯ ಬಳಿ, "ನಿಮ್ಮ ಮಗಳಿಗೆ ಏನೂ ಆಗಿಲ್ಲ ಬಿಡಿ. ಈಮಾನ್ ಗಟ್ಟಿ ಇದ್ದರೆ ಇದೆಲ್ಲ ಬರುವುದಿಲ್ಲ" ಎಂದರಂತೆ.

ಮುಖ್ಯೋಪಾಧ್ಯಾಯಿನಿಯವರ ಪ್ರಶ್ನೆಗೆ ಉತ್ತರವಿದೆ. ಮರಳಿನ ಮೇಲೆ ಕುಳಿತವಳನ್ನು ಯಾರೂ ಏನೂ ಕೇಳುವುದಿಲ್ಲ. ಎದ್ದು ಹೋಗಬೇಕೆನಿಸಿದರೆ ಎದ್ದು ಹೋಗಬಹುದು. ಆದರೆ ನಲ್ವತ್ತೈದು ಮಕ್ಕಳ ಮುಂದೆ ನಿಂತು ಬೀಜಗಣಿತ ಕಲಿಸುವವಳು ಪ್ರತಿ ನಿಮಿಷವೂ ಎಚ್ಚರದಿಂದಿರಬೇಕು. ಕಾಲಿನ ಪ್ಲಾಸ್ಟರ್ ಬಿಚ್ಚಿದವನು ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆದರೆ, "ಹಾಗಾದರೆ ನಾಳೆಯಿಂದಲೇ ಮೂಟೆ ಹೊರು" ಎಂದು ಯಾರಾದರೂ ಹೇಳುತ್ತಾರೆಯೇ? ಇನ್ನು ಆ ಫೋಟೋದ ನಗು ಒಂದು ನಿಮಿಷದ್ದು. ಅದೇ ನಡುರಾತ್ರಿ ನಾನು ಎದ್ದು ಕುಳಿತು ಅತ್ತದ್ದನ್ನು ಯಾರೂ ಫೋಟೋ ತೆಗೆಯಲಿಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಬೇರೊಂದು ಪ್ರಶ್ನೆ. ರಜೆಯ ಅವಧಿಯಲ್ಲಿ ನನಗೆ ಅರ್ಧ ಸಂಬಳ ಬರುತ್ತಿತ್ತು. ಅದು ನನಗೆ ಹಲಾಲ್ ಆಗುತ್ತದೆಯೇ? ಖಿನ್ನತೆಯಲ್ಲಿರುವವರಿಗೆ ಅಪರಾಧಿ ಭಾವ ಮೊದಲೇ ಹೆಚ್ಚು. ಈ ಪ್ರಶ್ನೆ ನನ್ನ ನಿದ್ದೆಯನ್ನು ಮತ್ತೆ ಕಸಿದುಕೊಂಡಿತು. ಭಾವ ನಮ್ಮ ಮಸೀದಿಯ ಖತೀಬರ ಬಳಿ ಕೇಳಿ ಬಂದರು. ಖತೀಬರು ಮರುಪ್ರಶ್ನೆ ಹಾಕಿದ್ದರು. "ರಜೆ ಕೊಟ್ಟದ್ದು ಯಾತಕ್ಕೆ? ಗುಣವಾಗಲಿಕ್ಕೆ ತಾನೇ? ವೈದ್ಯರು ಹೇಳಿದ್ದನ್ನು ಮಾಡಿ ಗುಣವಾಗುವುದರಲ್ಲಿ ಅಮಾನತ್‌ಗೆ ದ್ರೋಹ ಎಲ್ಲಿದೆ? ಕಾಯಿಲೆಯೇ ಇಲ್ಲದೆ ಸುಳ್ಳು ಸರ್ಟಿಫಿಕೇಟ್ ತಂದು ಮದುವೆ, ಮುಂಜಿ ಎಂದು ಸುತ್ತಿದರೆ ಅದು ದ್ರೋಹ" ಎಂದಿದ್ದರು. ಈ ಮಾತು ನನಗೆ ಮದ್ದಿನಷ್ಟೇ ಉಪಕಾರ ಮಾಡಿತು. ಸುಳ್ಳು ಪ್ರಮಾಣಪತ್ರ ತರುವವರು ಮಾಲಕರಿಗೆ ಮಾತ್ರ ಮೋಸ ಮಾಡುವುದಿಲ್ಲ, ನಿಜವಾದ ರೋಗಿಯ ಮೇಲೂ ಜನರಿಗೆ ಸಂಶಯ ಬರುವಂತೆ ಮಾಡುತ್ತಾರೆ.

ಕಾನೂನಿನ ಧೋರಣೆಯೂ ಇದಕ್ಕಿಂತ ಬೇರೆಯಲ್ಲ. ಕಾರ್ಮಿಕರ ವಿಮೆಗಾಗಿ 1948ರಲ್ಲಿ ಬಂದ ಇ.ಎಸ್.ಐ. ಕಾಯ್ದೆಯ 64ನೇ ಸೆಕ್ಷನ್, ಅನಾರೋಗ್ಯ ಭತ್ಯೆ ಪಡೆಯುವವರು ಚೇತರಿಕೆಗೆ ಅಡ್ಡಿಯಾಗುವ ಯಾವುದನ್ನೂ ಮಾಡಬಾರದು, ವೈದ್ಯಾಧಿಕಾರಿಯ ಅನುಮತಿಯಿಲ್ಲದೆ ಚಿಕಿತ್ಸೆಯ ಪ್ರದೇಶ ಬಿಟ್ಟು ಹೋಗಬಾರದು ಎಂದು ವಿಧಿಸಿತ್ತು. ಹೊರಗೆ ಹೋಗಲೇಬಾರದು ಎಂದು ಅದು ಹೇಳಿರಲಿಲ್ಲ. ವೈದ್ಯರಿಗೆ ತಿಳಿದಿರಬೇಕು ಮತ್ತು ಅದರಿಂದ ಚೇತರಿಕೆ ಕೆಡಬಾರದು ಎಂಬುದಷ್ಟೇ ಅದರ ಆಶಯ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು, ಚಿಕಿತ್ಸೆಯ ವಿಷಯದಲ್ಲಿ ಮನೋರೋಗಿಯನ್ನು ದೈಹಿಕ ರೋಗಿಗೆ ಸಮಾನವಾಗಿ ಕಾಣಬೇಕು ಎನ್ನುತ್ತದೆ. ರೋಗಿಯ ಕಾಯಿಲೆಯ ವಿವರಗಳನ್ನು ಗೌಪ್ಯವಾಗಿಡುವುದು ಕೂಡಾ ಅದರ ಪ್ರಕಾರ ರೋಗಿಯ ಹಕ್ಕು.

"ಈಮಾನ್ ಗಟ್ಟಿ ಇದ್ದರೆ ಇದೆಲ್ಲ ಬರುವುದಿಲ್ಲ" ಎಂಬ ಖಾಲಾ ಮಾತನ್ನೂ ಸ್ವಲ್ಪ ಪರಿಶೀಲಿಸೋಣ. ಮಗ ಯೂಸುಫ್‌ರನ್ನು(ಅ) ಕಳೆದುಕೊಂಡ ಪ್ರವಾದಿ ಯಅ್‌ಕೂಬರ(ಅ) ಕಣ್ಣುಗಳು ದುಃಖದಿಂದಾಗಿ ಬೆಳ್ಳಗಾಗಿದ್ದವು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅವರ ಈಮಾನ್ ದುರ್ಬಲವಾಗಿತ್ತು ಎನ್ನಲು ಯಾರಿಗೆ ಧೈರ್ಯವಿದೆ? ಉಪವಾಸದ ಆದೇಶ ನೀಡುವಾಗ ರೋಗಿಗೂ ಪ್ರಯಾಣಿಕನಿಗೂ ಒಂದೇ ಉಸಿರಿನಲ್ಲಿ ರಿಯಾಯಿತಿ ನೀಡಿದ ಧರ್ಮ ನಮ್ಮದು. ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್‌ನಲ್ಲಿ ಕಳೆಯುತ್ತಿದ್ದ ಹ. ಅಬ್ದುಲ್ಲಾ ಬಿನ್ ಅಮ್ರ್‌ರಿಗೆ(ರ) ಪ್ರವಾದಿವರ್ಯರು(ಸ) ಶರೀರಕ್ಕೂ ಕಣ್ಣಿಗೂ ನಿಮ್ಮ ಮೇಲೆ ಹಕ್ಕಿದೆ ಎಂದು ನೆನಪಿಸಿದ್ದರು. ಪ್ರಯಾಣವೊಂದರಲ್ಲಿ ಅವರು(ಸ) ಹ. ಆಯಿಶಾರೊಂದಿಗೆ(ರ) ಓಟದ ಪಂದ್ಯ ಮಾಡಿದ ಘಟನೆಯೂ ಹದೀಸ್‌ನಲ್ಲಿದೆ. ಮನಸ್ಸಿಗೆ ಮುದ ನೀಡುವುದೆಲ್ಲ ಪಾಪ ಎಂಬ ಭಾವನೆ ನಮಗೆ ಎಲ್ಲಿಂದ ಬಂತೋ ತಿಳಿಯದು.

ನಮ್ಮ ಪೂರ್ವಿಕರಿಗೆ ಇದು ತಿಳಿದಿತ್ತು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖಿಯವರು ದೇಹದ ಮತ್ತು ಮನಸ್ಸಿನ ಆರೋಗ್ಯದ ಕುರಿತು ಒಂದೇ ಗ್ರಂಥದಲ್ಲಿ ಬರೆದರು. ಮನಸ್ಸಿಗೂ ದೇಹದಂತೆಯೇ ರೋಗ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ಅವರು ವಿವರಿಸಿದ್ದರು. ಟರ್ಕಿಯ ಎದಿರ್ನೆ ನಗರದಲ್ಲಿ ಸುಲ್ತಾನ್ ಎರಡನೇ ಬಾಯಝೀದ್ ಕಟ್ಟಿಸಿದ ಆಸ್ಪತ್ರೆ 1488ರಲ್ಲಿ ಪೂರ್ಣಗೊಂಡಿತು. ಅಲ್ಲಿ ಮನೋರೋಗಿಗಳಿಗೆ ಕಾರಂಜಿಯ ಸದ್ದು, ಹೂಗಳ ಪರಿಮಳ ಮತ್ತು ಸಂಗೀತದ ಮೂಲಕವೂ ಚಿಕಿತ್ಸೆ ನೀಡಲಾಗುತ್ತಿತ್ತು. 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಇದನ್ನು ದಾಖಲಿಸಿದ್ದಾರೆ. ಆ ಕಟ್ಟಡ ಈಗ ವಸ್ತು ಸಂಗ್ರಹಾಲಯವಾಗಿದೆ.

ನಾವಾದರೋ ಮನೋರೋಗಿಗಳನ್ನು ಬೇರೊಂದು ಬಗೆಯ ಪ್ರಯಾಣಕ್ಕೆ ಕಳುಹಿಸಿದವರು. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಏರ್ವಾಡಿ ದರ್ಗಾಕ್ಕೆ ದೂರದೂರದ ಊರುಗಳಿಂದ ರೋಗಿಗಳನ್ನು ಕರೆತಂದು ಬಿಟ್ಟು ಹೋಗುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. 2001ರ ಆಗಸ್ಟ್ 6ರ ಮುಂಜಾನೆ ಅಲ್ಲಿನ ಖಾಸಗಿ ಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿಯಾಗಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. 28 ಮಂದಿ ಪ್ರಾಣ ಕಳೆದುಕೊಂಡರು. ರೋಗಿಯ ಇಚ್ಛೆಯನ್ನೇ ಕೇಳದೆ ಹೀಗೆ ಕರೆದೊಯ್ಯುವಾಗ "ಇದೇನು ಪ್ರವಾಸವೇ?" ಎಂದು ಯಾರೂ ಪ್ರಶ್ನಿಸಿರಲಿಲ್ಲ. ಅದೇ ರೋಗಿಯು ವೈದ್ಯರ ಸಲಹೆಯಂತೆ, ತನ್ನ ಇಷ್ಟದಿಂದ, ತನ್ನವರ ಜೊತೆ ಎರಡು ದಿನ ಸಮುದ್ರ ತೀರಕ್ಕೆ ಹೋದರೆ ನಮಗೆ ಪ್ರಶ್ನೆಗಳು ಹುಟ್ಟುತ್ತವೆ. ಮನೋರೋಗಿಗಳನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಬಂಧಿಸುವುದನ್ನು 2017ರ ಕಾಯ್ದೆಯು ನಿಷೇಧಿಸಿದೆ. ನಾಲಿಗೆಯ ಸರಪಳಿಯನ್ನು ಮಾತ್ರ ನಾವೇ ಬಿಚ್ಚಬೇಕಷ್ಟೆ.

ಹಾಗೆಂದು ಪ್ರವಾಸವೇ ಮದ್ದು ಎಂದು ಯಾರೂ ತಿಳಿಯಬಾರದು. ಮಲ್ಪೆಯಿಂದ ಬಂದ ಮೇಲೂ ನಾನು ಎರಡು ವಾರ ರಜೆ ಮುಂದುವರಿಸಬೇಕಾಯಿತು. ಗುಣವಾದ ಬಳಿಕವೂ ವೈದ್ಯರ ಸೂಚನೆಯಂತೆ ಎಷ್ಟೋ ತಿಂಗಳು ಮಾತ್ರೆ ನುಂಗಿದೆ. ಎಲ್ಲರಿಗೂ ಪ್ರಯಾಣ ಹಿತವಲ್ಲ. ಕಾಯಿಲೆ ತೀವ್ರವಾಗಿರುವಾಗ, ಸಾಯುವ ಯೋಚನೆ ಬಲವಾಗಿರುವಾಗ ಮೊದಲು ಆಗಬೇಕಾದದ್ದು ಚಿಕಿತ್ಸೆ. ಅತಿ ಉತ್ಸಾಹ ಮತ್ತು ಅತಿ ಖಿನ್ನತೆ ಎರಡೂ ಬರುವ ಬೈಪೋಲಾರ್ ಕಾಯಿಲೆಯಲ್ಲಿ ರಾತ್ರಿ ಬಸ್ಸಿನ ನಿದ್ದೆಗೇಡು ಕೂಡಾ ತೊಂದರೆ ತರಬಹುದು. ಲಿಥಿಯಂ ಮಾತ್ರೆ ಸೇವಿಸುವವರು ಬಿಸಿಲಿನಲ್ಲಿ ಬೆವರಿ ನೀರು ಕಡಿಮೆಯಾದರೆ, ವಾಂತಿ ಭೇದಿಯಾದರೆ ಅಪಾಯವಿದೆ. ಹಾಗಾಗಿ ಸಾಕಷ್ಟು ನೀರು ಕುಡಿಯಬೇಕು, ಏರುಪೇರಾದರೆ ತಕ್ಷಣ ವೈದ್ಯರನ್ನು ಕಾಣಬೇಕು. ಮಂಪರು ಬರುವ ಮಾತ್ರೆ ನುಂಗಿದವರು ಘಾಟಿಯಲ್ಲಿ ವಾಹನ ಚಲಾಯಿಸಬಾರದು. ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಇಟ್ಟುಕೊಂಡು, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಒಯ್ಯಬೇಕು. ಉಮ್ರಾಕ್ಕೆ ಹೋಗುವವರು ಇಂತಹ ಔಷಧಗಳ ಕುರಿತು ಅಲ್ಲಿನ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಸಂಸ್ಥೆಯ ನಿಯಮದಂತೆ ತಿಳಿಸಬೇಕಾಗಿದ್ದರೆ ಹೊರಡುವ ಮೊದಲೇ ಮೇಲಧಿಕಾರಿಗೆ ತಿಳಿಸಿದರೆ ಗಾಸಿಪ್‌ಗೆ ಎಡೆ ಇರುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು, ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಇದೆ ಎಂದು ಕಂಡುಕೊಂಡಿತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಅಂದರೆ ನಮ್ಮ ಮೊಹಲ್ಲಾದಲ್ಲೂ, ನಮ್ಮ ಸ್ಟಾಫ್ ರೂಮಿನಲ್ಲೂ ಇಂಥವರು ಇದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಸೋದರಿಯರೇ, ರೋಗಿಯ ಸಂದರ್ಶನ ನಮ್ಮಲ್ಲಿ ಪುಣ್ಯದ ಕೆಲಸ. ಮನಸ್ಸಿನ ಕಾಯಿಲೆಯವರ ಮನೆಗೂ ಹೋಗಿ. ಅವರು ಎಲ್ಲಿಗಾದರೂ ಹೋಗಿ ಬಂದದ್ದು ತಿಳಿದರೆ, "ರಜೆ ಹಾಕಿ ತಿರುಗಾಟವೇ?" ಎನ್ನಬೇಡಿ. "ಅಲ್ಲಿ ನಿದ್ದೆ ಬಂತೇ? ಊಟ ಸೇರಿತೇ?" ಎಂದು ಕೇಳಿ. ಹೌದು ಎಂದರೆ ಅವರ ಜೊತೆ ಕುಳಿತು ಒಂದು ಲೋಟ ಚಹಾ ಕುಡಿದು ಬನ್ನಿ.