ಓಡುವವರು ಯಾರು?

ಆಟವೆಂದರೆ ಆಡುವುದು ಎಂದು ತಿಳಿದ ಕಾಲದವಳು ನಾನು. ಆಡಿಸುವುದೂ ಒಂದು ಆಟವೆಂದು ಗೊತ್ತಾದದ್ದು ಮಗನಿಂದ. ಬೆಂಗಳೂರಿನಿಂದ ರಜೆಗೆ ಕಳಸಕ್ಕೆ ಬಂದನೆಂದರೆ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಕಂಪ್ಯೂಟರಿನ ಮುಂದೆ ಕೂತು ಅವನು ಒಂದು ಫುಟ್‌ಬಾಲ್ ತಂಡದ ಯಜಮಾನನಾಗುತ್ತಾನೆ. ‘ಫುಟ್‌ಬಾಲ್ ಮ್ಯಾನೇಜರ್’ ಎಂದು ಆ ಆಟದ ಹೆಸರು. ಇವನು ಚೆಂಡು ಒದೆಯುವಂತಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರು ಮುನ್ನುಗ್ಗಬೇಕು, ಯಾರು ಹಿಂದೆ ಕಾಯಬೇಕು ಎಂದು ಹೇಳಿ ಕೂತು ನೋಡಬೇಕು, ಅಷ್ಟೆ. ಪ್ರತಿ ಆಟಗಾರನಿಗೂ ಓಟಕ್ಕಿಷ್ಟು, ಪಾಸ್ ಕೊಡುವುದಕ್ಕಿಷ್ಟು, ಧೈರ್ಯಕ್ಕಿಷ್ಟು ಎಂದು 1ರಿಂದ 20ರವರೆಗೆ ಅಂಕಗಳು. ಅಂಕಪಟ್ಟಿ ಕಂಡ ಮೇಲೆ ಪಾಠ ಹೇಳುವವರ ಬುದ್ಧಿ ಸುಮ್ಮನಿರುತ್ತದೆಯೇ? ನಾನೂ ಕನ್ನಡಕ ಏರಿಸಿ ಕೂತೆ.

ಅವನ ತಂಡದಲ್ಲಿ ವಯಸ್ಸಾದ ಆಟಗಾರನೊಬ್ಬ. ಪಾಸ್ ಕೊಡುವುದರಲ್ಲಿ 17, ಓಟದಲ್ಲಿ 7.

“ಇವನನ್ನ ಯಾಕೋ ಇಟ್ಟುಕೊಂಡಿದೀಯ?” ಅಂದೆ.

“ಇವನ ಮೇಲೇ ಅಮ್ಮ ನನ್ನ ಆಟ ನಿಂತಿರೋದು. ಚೆಂಡು ಕಾಲಿಗೆ ಬಂದ್ರೆ ಸಾಕು, ಎಲ್ಲಿಗೆ ಕಳಿಸಬೇಕು ಅಂತ ಇವನಿಗೆ ಗೊತ್ತು. ಓಡೋದಕ್ಕೆ ಪಕ್ಕದಲ್ಲಿ ಇಬ್ಬರು ಹುಡುಗರನ್ನ ಹಾಕಿದೀನಿ.”

ತಂತ್ರ ಮೊದಲೇ ಬರೆದಿಟ್ಟು ಅದರೊಳಗೆ ಆಟಗಾರರನ್ನು ತುರುಕುವುದಲ್ಲ, ಇರುವ ಆಟಗಾರನನ್ನು ನೋಡಿ ತಂತ್ರ ಹೆಣೆಯುವುದು. ಇದೇನೂ ಕಂಪ್ಯೂಟರು ಕಂಡುಹಿಡಿದದ್ದಲ್ಲ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಫುಟ್‌ಬಾಲ್ ತಂಡವನ್ನು ತಯಾರು ಮಾಡಿದವರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರೂ ಶಾಲೆಯಲ್ಲಿ ಮೇಷ್ಟರಾಗಿದ್ದವರೇ. ರಕ್ಷಣೆಗೆ ಗೋಡೆಯಂತಿದ್ದ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಾಗ, ರಹೀಂ ಅವರನ್ನು ಕೂರಿಸದೆ ಮುಂದಿನ ಸಾಲಿಗೆ ಹಾಕಿದರು. ಫೈನಲ್ಲಿನಲ್ಲಿ ದಕ್ಷಿಣ ಕೊರಿಯಾದ ಮೇಲೆ 2-1ರ ಗೆಲುವು, ಚಿನ್ನದ ಪದಕ. ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲರದು. ಆದರೆ ಜರ್ನೈಲ್ ಬಿಟ್ಟು ಬಂದ ಜಾಗವನ್ನು ಖಾಲಿ ಬಿಡುವಂತಿರಲಿಲ್ಲವಲ್ಲ! ಅಲ್ಲಿ ಅರುಣ್ ಘೋಷ್ ಮೊದಲಾದವರು ಕಾದು ನಿಂತರು. ಗೋಲು ಹೊಡೆದವರ ಹೆಸರು ನಾಲಿಗೆಯ ಮೇಲೆ ಉಳಿಯುತ್ತದೆ. ಕಾದವರದು ಹುಡುಕಿದರೆ ಸಿಗುತ್ತದೆ.

ಮಗನ ಆಟ ನೋಡುತ್ತ ನನಗೆ ನೆನಪಾದವರು ನಮ್ಮ ಮಾವನವರು. ತೋಟದ ವಿಷಯದಲ್ಲಿ ಅವರಿಗೆ 20ಕ್ಕೆ 20. ಮರಗಸಿಯ ದಿನ ಕೆಳಗೆ ನಿಂತು, ಇಳಿಯಬೇಕಾದ ಕೊಂಬೆಗೆ ಬೆರಳು ತೋರಿಸಿದರೆ ಮುಗಿಯಿತು, ಮತ್ತೆ ಎರಡು ಮಾತಿಲ್ಲ. ಇಡೀ ಮನೆ ಅವರ ಸುತ್ತ ಹೆಣೆದ ತಂತ್ರ. ಐದಕ್ಕೆ ಕಾಫಿ, ಆರಕ್ಕೆ ಹಂಡೆಯಲ್ಲಿ ಬಿಸಿನೀರು, ಏಳೂವರೆಗೆ ಕಡುಬು. ತಪ್ಪೆನ್ನಲಾರೆ, ತೋಟ ಉಳಿದದ್ದು ಅವರಿಂದಲೇ. ಓಡುತ್ತಿದ್ದವರು ಅತ್ತೆ.

ಕಂಪ್ಯೂಟರಿನಲ್ಲಿ ಒಂದು ಅನುಕೂಲವಿದೆ. ಯಾರ ಕಸುವು ಎಷ್ಟು ಇಳಿಯಿತೆಂದು ಆಟ ನಡೆಯುತ್ತಿರುವಾಗಲೇ ತೋರಿಸುತ್ತದೆ. “ಈ ಹುಡುಗರಿಬ್ಬರೂ ಸುಸ್ತಾಗಿದಾರೆ ಅಮ್ಮ. ಇವರನ್ನ ಬದಲಾಯಿಸದಿದ್ರೆ ಅವನೂ ಕೆಲಸಕ್ಕೆ ಬರಲ್ಲ” ಎನ್ನುತ್ತ ಮಗ ಬೇರೆ ಇಬ್ಬರನ್ನು ಇಳಿಸಿದ. ಅಡಿಗೆಮನೆಯ ಗೋಡೆಯ ಮೇಲೆ ಅಂಥ ಲೆಕ್ಕ ಕಾಣುವುದಿಲ್ಲ. ಕೊಯ್ಲಿನ ಒಂದು ಬೆಳಿಗ್ಗೆ ಅತ್ತೆ ಒಲೆಯ ಮುಂದಿನ ಮಣೆಯಿಂದ ಏಳಲಾರದೆ, “ಮಂಡಿ ಏಳಕ್ಕೇ ಬಿಡ್ತಿಲ್ಲ ಮಾರಾಯ್ತಿ” ಅಂದಾಗಲೇ ಮನೆಗೆ ಗೊತ್ತಾದದ್ದು.

ಬದಲಿ ಆಟಗಾರ್ತಿ ಯಾರೆಂದು ನೀವು ಊಹಿಸಿರಬಹುದು. ಸೊಸೆ! ಆದರೆ ನಮ್ಮತ್ತೆ ರಹೀಂ ಸಾಹೇಬರಿಗೇನೂ ಕಡಿಮೆಯಿರಲಿಲ್ಲ. ಕೂತಲ್ಲಿಂದಲೇ ತಂತ್ರ ಬದಲಿಸಿದರು. “ಅವಳಿಗೆ ಎಂಟಕ್ಕೆ ಬಸ್ಸು. ಡಿಕಾಕ್ಷನ್ ರಾತ್ರಿಯೇ ಇಳಿಸಿ ಇಟ್ಟಿರ್ತಾಳೆ, ಕಾಫಿ ನೀವೇ ಬೆರೆಸಿಕೊಳ್ಳಿ” ಎಂದು ಮಾವನವರಿಗೆ ಹೇಳಿಬಿಟ್ಟರು. ಒಂದು ವಾರ ಅವರು ಮುಖ ಊದಿಸಿಕೊಂಡಿದ್ದರು, ಆಮೇಲೆ ಕಲಿತರು. ಕಾಫಿ ಬೆಳೆದವರಿಗೆ ಬೆರೆಸುವುದು ಎಷ್ಟರ ಕೆಲಸ? ಅತ್ತೆಯ ಮಂಡಿ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ.

ನಿಮ್ಮ ಮನೆಯಲ್ಲಿಯೂ ಎಸ್.ಎಸ್.ಎಲ್.ಸಿ. ಓದುವ ಮಗಳೋ, ಅಂಗಡಿ ನಡೆಸುವ ಯಜಮಾನರೋ ಇರಬಹುದು. ಮನೆ ಅವರ ಸುತ್ತ ತಿರುಗಲಿ, ಬೇಡವೆನ್ನುವುದಿಲ್ಲ. ಆದರೆ ಓಡುವವರ ಕಸುವು ಎಷ್ಟು ಉಳಿದಿದೆಯೆಂದು ಸಂಜೆಗೊಮ್ಮೆ ಯಾರಾದರೂ ಕೇಳಲಿ. ಯಾರೂ ಕೇಳದಿದ್ದರೆ ನಾವೇ ಹೇಳೋಣ, ಮಣೆಯಿಂದ ಏಳಲಾಗದ ದಿನ ಬರುವ ಮೊದಲೇ.