ಅರ್ಧಕ್ಕೆ ನಿಂತ ಮನೆ

ಅಂಗಡಿಯಲ್ಲಿ ಕೊಂಡ ವಸ್ತು ಕೆಟ್ಟುದಾದರೆ ಹಿಂದಿರುಗಿಸಬಹುದು. ಅರ್ಧ ಕಟ್ಟಿದ ಮನೆಯನ್ನು ಹಿಂದಿರುಗಿಸಲು ಬರುವುದಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಹೊರವಲಯದ ಬಡಾವಣೆಗಳಲ್ಲಿ ಸಂಚರಿಸಿದವರಿಗೆ ಈ ಮಾತು ಬೇಗ ಮನದಟ್ಟಾಗುತ್ತದೆ. ಬಣ್ಣ ಹಚ್ಚಿ ತೋರಣ ಕಟ್ಟಿದ ಮನೆಗಳ ನಡುವೆ ಒಂದೊಂದು ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿರುತ್ತದೆ. ಕಬ್ಬಿಣದ ಸರಳುಗಳು ಆಕಾಶಕ್ಕೆ ಮುಖಮಾಡಿ ತುಕ್ಕು ಹಿಡಿದಿರುತ್ತವೆ. ಒಳಗೆ ಜಾಲಿಗಿಡ ಬೆಳೆದಿರುತ್ತದೆ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಮೂರೂ ತಾಲೂಕುಗಳು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಜಿಲ್ಲೆಯಾದ ಮೇಲೆ ಕಚೇರಿಗಳು ಬಂದವು, ನೌಕರರು ಬಂದರು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಅದಕ್ಕೆ ಮೊದಲೇ ಶಹಾಪುರ, ಸುರಪುರಗಳ ಎರೆ ಭೂಮಿಯಲ್ಲಿ ಭತ್ತ ಬೆಳೆಸಿ ಹಲವು ಮನೆತನಗಳ ಕೈಗೆ ಹಣ ತಂದಿತ್ತು. ಸ್ವಂತ ಮನೆಯ ಆಸೆ ಸಹಜವಾಗಿಯೇ ಹೆಚ್ಚಿತು. ಆ ಆಸೆಯ ಬೆನ್ನಿಗೆ ಗುತ್ತಿಗೆದಾರರ ಸಂಖ್ಯೆಯೂ ಬೆಳೆಯಿತು.

ಇಂತಹ ಮನೆಯ ಯಜಮಾನರೊಬ್ಬರನ್ನು ಎಣಿಸಿಕೊಳ್ಳಬಹುದು. ಅವರು ಶಹಾಪುರದ ಕಡೆಯ ನಿವೃತ್ತ ಶಾಲಾ ಮಾಸ್ತರರು. ನಿವೃತ್ತಿಯ ಹಣ, ಮಡದಿಯ ಒಡವೆಯ ಮೇಲಿನ ಸಾಲ, ಮಗ ಕಳುಹಿಸಿದ್ದು, ಎಲ್ಲ ಸೇರಿ ಹದಿನೆಂಟು ಲಕ್ಷ ರೂಪಾಯಿಯ ಮನೆ. ಗುತ್ತಿಗೆದಾರನ ಕಚೇರಿಯ ಮುಂದೆ 'ಲೋಕೋಪಯೋಗಿ ಇಲಾಖೆಯ ಪ್ರಥಮ ದರ್ಜೆ ಗುತ್ತಿಗೆದಾರರು' ಎಂಬ ಫಲಕ ತೂಗುತ್ತಿತ್ತು. ಸರ್ಕಾರವೇ ನಂಬಿದವನನ್ನು ತಾವು ಶಂಕಿಸುವುದು ಹೇಗೆಂದು ಮಾಸ್ತರರು ಬಾಂಡ್ ಕಾಗದದ ಮೇಲೆ ಒಂದು ಪುಟದ ಕರಾರಿಗೆ ಸಹಿ ಹಾಕಿದರು. ಅದರಲ್ಲಿ ಒಟ್ಟು ಮೊತ್ತವಿತ್ತು, ಮುಗಿಸುವ ತಿಂಗಳಿತ್ತು. ಯಾವ ಹಂತಕ್ಕೆ ಎಷ್ಟು ಹಣ ಎಂಬುದಿರಲಿಲ್ಲ. ಕಬ್ಬಿಣದ ಬೆಲೆ ಏರುತ್ತಿದೆ, ಸಿಮೆಂಟ್ ಈಗಲೇ ಹಾಕಿಸಿಕೊಳ್ಳಬೇಕು ಎಂದಾಗಲೆಲ್ಲ ಕೊಟ್ಟರು. ಕೊಟ್ಟದ್ದು ಹದಿನಾಲ್ಕು ಲಕ್ಷವಾದಾಗ ಆಗಿದ್ದ ಕೆಲಸ ಒಂಬತ್ತು ಲಕ್ಷದ್ದು. ಅಲ್ಲಿಂದ ಮುಂದೆ, "ಮಾಸ್ತರ್ರೀ, ಎರಡು ವಾರ ತಡೀರಿ, ಆಳು ಬರ್ತಾವ" ಎಂಬ ಒಂದೇ ಉತ್ತರ. ಆಮೇಲೆ ಅದೂ ಇಲ್ಲ.

ನಿಂತ ಕೆಲಸ ನಿಂತಲ್ಲಿಯೇ ಇರುತ್ತದೆಂದು ತಿಳಿಯುವುದು ತಪ್ಪು. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಸ್ವಭಾವದ್ದು. ಬುನಾದಿಯ ಸುತ್ತ ನೀರು ನಿಲ್ಲದಂತೆ ಮುಚ್ಚದೆ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಗೋಡೆ ಸೀಳುತ್ತದೆ. ತಲೆ ತೆರೆದ ಇಟ್ಟಿಗೆ ಗೋಡೆ ನೀರು ಕುಡಿಯುತ್ತದೆ. ದಾಸ್ತಾನಿಟ್ಟ ಸಿಮೆಂಟ್ ತಿಂಗಳು ಕಳೆದಂತೆ ಸತ್ವ ಕಳೆದುಕೊಂಡು ಗಟ್ಟಿಯಾಗುತ್ತದೆ. ನಲವತ್ತು ಡಿಗ್ರಿ ದಾಟುವ ಈ ಸೀಮೆಯ ಬಿಸಿಲಿನಲ್ಲಿ ನೀರುಣಿಸದೆ ಬಿಟ್ಟ ಕಾಂಕ್ರೀಟಿಗೆ ಬರಬೇಕಾದ ಬಲವೇ ಬರುವುದಿಲ್ಲ. ಎಂದರೆ ಮಾಸ್ತರರು ಕಳೆದುಕೊಂಡದ್ದು ಐದು ಲಕ್ಷ ಮಾತ್ರವಲ್ಲ. ಆದ ಒಂಬತ್ತು ಲಕ್ಷದ ಕೆಲಸವೂ ದಿನೇ ದಿನೇ ಕರಗುತ್ತಿರುತ್ತದೆ. ಇದರ ಮೇಲೆ ಬಾಡಿಗೆಯ ಮನೆ, ಸಾಲದ ಬಡ್ಡಿ, ಬೀಗರ ಪ್ರಶ್ನೆ.

ನೊಂದವರ ಮನಸ್ಸಿಗೆ ಮೊದಲು ಹೊಳೆಯುವುದು, ಅವನ ಲೈಸೆನ್ಸ್ ಕಿತ್ತುಹಾಕಿಸಬೇಕು ಎಂಬುದು. ಅರ್ಜಿ ಹಿಡಿದು ಲೋಕೋಪಯೋಗಿ ಇಲಾಖೆಯ ಮೆಟ್ಟಿಲು ಹತ್ತುತ್ತಾರೆ. ಅಲ್ಲಿ ತಿಳಿಯುವ ಸತ್ಯ ಕಹಿಯಾದುದು. ಇಲಾಖೆಯ ನೋಂದಣಿ ಸರ್ಕಾರಿ ಕಾಮಗಾರಿಗಳ ಟೆಂಡರಿಗಾಗಿ ಇರುವಂಥದು. ಗುತ್ತಿಗೆದಾರನ ಆರ್ಥಿಕ ಶಕ್ತಿ, ಅನುಭವಗಳನ್ನು ನೋಡಿ, ಎಷ್ಟು ಮೊತ್ತದವರೆಗಿನ ಕೆಲಸಕ್ಕೆ ಅವನು ಅರ್ಹನೆಂದು ದರ್ಜೆ ನಿಗದಿಪಡಿಸುತ್ತಾರೆ. ಖಾಸಗಿ ಮನೆಯನ್ನು ಅವನು ಪ್ರಾಮಾಣಿಕವಾಗಿ ಮುಗಿಸುತ್ತಾನೆಂಬ ಭರವಸೆ ಅದರಲ್ಲಿ ಇಲ್ಲ. ಫಲಕ ಸುಳ್ಳಲ್ಲ, ಆದರೆ ಅದು ಹೇಳದ ಮಾತನ್ನು ಗಿರಾಕಿ ಓದಿಕೊಂಡ, ಗುತ್ತಿಗೆದಾರ ಹಾಗೆ ಓದಿಕೊಳ್ಳಲು ಬಿಟ್ಟ. ಹೀಗೆ ಬಿಡುವುದೂ ಒಂದು ಬಗೆಯ ಅಸತ್ಯವೇ.

ಬೇರೆ ವ್ಯವಸ್ಥೆಗಳು ಇಲ್ಲದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 1929ರಿಂದಲೂ ಗುತ್ತಿಗೆದಾರರಿಗೆ ಪರವಾನಗಿ ಕೊಡುವ ಪ್ರತ್ಯೇಕ ಮಂಡಳಿಯಿದೆ. ಮನೆ ಮಾಲೀಕರ ದೂರನ್ನು ಅದು ವಿಚಾರಿಸುತ್ತದೆ. ಪರವಾನಗಿಯನ್ನು ಅಮಾನತಿನಲ್ಲಿಡಬಹುದು, ರದ್ದುಪಡಿಸಬಹುದು. ಮನೆಯ ದುರಸ್ತಿ, ವಿಸ್ತರಣೆಗಳ ಕರಾರಿನಲ್ಲಿ ಮುಂಗಡವು ಒಟ್ಟು ಮೊತ್ತದ ಶೇಕಡ 10 ಅಥವಾ 1000 ಡಾಲರ್, ಇವುಗಳಲ್ಲಿ ಕಡಿಮೆಯಾದುದನ್ನು ಮೀರಬಾರದೆಂಬ ನಿಯಮವೂ ಅಲ್ಲಿದೆ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಕರ್ನಾಟಕದಲ್ಲಿಯೇ ರಾಜೀವ್ ಗಾಂಧಿ ವಸತಿ ನಿಗಮವು ಬಡವರ ಮನೆಗೆ ಸಹಾಯಧನವನ್ನು ಕಂತುಕಂತಾಗಿ, ತಳಪಾಯ, ಲಿಂಟಲ್, ಛಾವಣಿ ಎಂದು ಆದ ಕೆಲಸದ ಛಾಯಾಚಿತ್ರ ನೋಡಿದ ಮೇಲೆಯೇ ಬಿಡುಗಡೆ ಮಾಡುತ್ತದೆ. ಸರ್ಕಾರ ಪಾಲಿಸುವ ಈ ಎಚ್ಚರವನ್ನು ಓದುಬರಹ ಬಲ್ಲ ನಿವೃತ್ತರು ಸಂಕೋಚದಿಂದ ಕೈಬಿಡುವುದು ವಿಚಿತ್ರವಾದರೂ ನಿಜ. ಹಣ ಕೆಲಸಕ್ಕಿಂತ ಮುಂದೆ ಓಡಿತೆಂದರೆ ಶಿಸ್ತಿನ ಲಗಾಮು ಕೈತಪ್ಪಿತೆಂದೇ ಅರ್ಥ.

ಇನ್ನು ಕಪ್ಪುಪಟ್ಟಿಯ ವಿಷಯ. ಸರ್ಕಾರಿ ವಸತಿಗೃಹಗಳ ಕೆಲಸವನ್ನೇ ಅರ್ಧಕ್ಕೆ ಬಿಟ್ಟವನನ್ನು ಇಲಾಖೆ ದೂರವಿಡಬಹುದು. ಆದರೆ ಮನಬಂದಂತೆ ಅಲ್ಲ. ಅವನ ಮಾತು ಕೇಳದೆ ಪಟ್ಟಿಗೆ ಸೇರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 1974ರಲ್ಲಿ ಎರೂಸಿಯನ್ ಇಕ್ವಿಪ್‌ಮೆಂಟ್ ಪ್ರಕರಣದಲ್ಲಿ ಹೇಳಿತು. ದೂರವಿಡುವ ಅವಧಿ ತಪ್ಪಿನ ತೂಕಕ್ಕೆ ತಕ್ಕಂತಿರಬೇಕು, ಶಾಶ್ವತವಾಗಿರಬಾರದು ಎಂದು 2013ರ ಕುಲ್ಜಾ ಇಂಡಸ್ಟ್ರೀಸ್ ತೀರ್ಪು ವಿವರಿಸಿತು. ಇದನ್ನು ತಪ್ಪಿತಸ್ಥರಿಗೆ ತೋರಿದ ಸಡಿಲಿಕೆ ಎಂದು ಗೊಣಗುವವರುಂಟು. ಅದು ಸರಿಯಲ್ಲ. ಕಪ್ಪುಪಟ್ಟಿ ಒಬ್ಬನ ಜೀವನೋಪಾಯವನ್ನು ಕತ್ತರಿಸುತ್ತದೆ, ಅವನ ಹಿಂದಿರುವ ಕೂಲಿಕಾರರ ಅನ್ನವನ್ನೂ ಮುಟ್ಟುತ್ತದೆ. ತಿದ್ದಿಕೊಳ್ಳಲು ದಾರಿ ಬಿಡದ ದಂಡನೆಯಲ್ಲಿ ಕೋಪವಿರಬಹುದು, ನ್ಯಾಯವಿರಲಾರದು.

ಕೆಲವರು ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಾರೆ. ಆರಂಭದಲ್ಲಿಯೇ ವಂಚಿಸುವ ಉದ್ದೇಶವಿತ್ತೆಂದು ತೋರದಿದ್ದರೆ ಕರಾರು ಮುರಿದುದಷ್ಟೇ ವಂಚನೆಯ ಅಪರಾಧವಾಗದೆಂಬುದು 2000ದ ಹೃದಯರಂಜನ್ ಪ್ರಸಾದ್ ವರ್ಮಾ ಪ್ರಕರಣದ ನಿರ್ಣಯ. ರೇರಾ ಎಂದು ಹೆಸರಾದ 2016ರ ಕಾಯಿದೆಯೂ ಇಲ್ಲಿ ಒದಗದು. ಸ್ವಂತ ನಿವೇಶನದಲ್ಲಿ ಒಂದು ಮನೆ ಕಟ್ಟಿಸಿಕೊಳ್ಳುವವರ ಕರಾರು ಅದರ ವ್ಯಾಪ್ತಿಗೆ ಬರುವುದಿಲ್ಲ. ಉಳಿಯುವ ಹತ್ತಿರದ ದಾರಿ ಗ್ರಾಹಕ ಆಯೋಗ. ಮನೆ ಕಟ್ಟಿಕೊಡುವುದು 'ಸೇವೆ' ಎಂದು 1993ರ ತಿದ್ದುಪಡಿ ಸ್ಪಷ್ಟಪಡಿಸಿತು. ಅದೇ ವರ್ಷದ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದು, ಸತಾಯಿಸಿದ ಅಧಿಕಾರಿಗಳಿಂದಲೇ ಪರಿಹಾರದ ಹಣ ವಸೂಲು ಮಾಡಬೇಕೆಂದಿತು. ದೂರಿಗೆ 2 ವರ್ಷದ ಗಡುವಿದೆ. 5 ಲಕ್ಷ ರೂಪಾಯಿಯವರೆಗೆ ಕೊಟ್ಟ ಸೇವೆಯಾದರೆ ಶುಲ್ಕವಿಲ್ಲ. ಆಯೋಗದ ಆದೇಶ ಪಾಲಿಸದವನಿಗೆ 2019ರ ಕಾಯಿದೆಯಂತೆ 1 ತಿಂಗಳಿನಿಂದ 3 ವರ್ಷದವರೆಗೆ ಸೆರೆವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಆಗಬಹುದು. ಆದರೆ ದೂರು ಕೊಡುವ ಮೊದಲು ಬೇರೊಬ್ಬ ಎಂಜಿನಿಯರ್‌ನಿಂದ ಆದ ಕೆಲಸದ ಅಳತೆ ತೆಗೆಸಿ, ಬೆಲೆ ಕಟ್ಟಿಸಿ, ಛಾಯಾಚಿತ್ರ ಇಟ್ಟುಕೊಂಡಿರಬೇಕು. ಅವಸರದಲ್ಲಿ ಕೆಲಸ ಮುಂದುವರಿಸಿದವರು ತಮ್ಮ ಸಾಕ್ಷ್ಯದ ಮೇಲೆ ತಾವೇ ಗಿಲಾವು ಬಳಿದಂತೆ.

ಇಷ್ಟೆಲ್ಲ ಮಾರ್ಗಗಳಿದ್ದರೂ ಮಾಸ್ತರರಂತಹವರು ಬಹುತೇಕ ಮೌನವಾಗಿರುತ್ತಾರೆ. ಮೋಸಹೋದೆನೆಂದು ಹೇಳಿಕೊಳ್ಳಲು ಮೋಸ ಮಾಡಿದವನಿಗಿಲ್ಲದ ನಾಚಿಕೆ ಇವರಿಗೆ. ಜೊತೆಗೆ ಊರು ಸಣ್ಣದು. ಗುತ್ತಿಗೆದಾರ ಮದುವೆಯಲ್ಲಿ ಎದುರಾಗುತ್ತಾನೆ, ಜಾತ್ರೆಗೆ ದೇಣಿಗೆ ಕೊಡುತ್ತಾನೆ. ಹೋಗಲಿ ಬಿಡಿ, ಕ್ಷಮಿಸಿಬಿಡಿ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಆದರೆ ತಪ್ಪನ್ನು ಹೆಸರಿಟ್ಟು ಹೇಳಿ, ಅದನ್ನು ಸರಿಪಡಿಸಲು ಅವಕಾಶ ಕೊಟ್ಟ ಮೇಲೆ ಬರುವುದು ಕ್ಷಮೆ. ಹೇಳದೆ ನುಂಗಿದ್ದು ಭಯ ಮಾತ್ರ. ಆ ಮೌನದ ಬೆಲೆಯನ್ನು ತೆರುವವನು ಸುರಪುರದಲ್ಲಿ ನಾಳೆ ಅದೇ ಫಲಕ ನೋಡಿ ಮುಂಗಡ ಕೊಡುವ ಇನ್ನೊಬ್ಬ. ವಿಚಾರಿಸಲು ಬಂದವನಿಗೆ ಇದ್ದದ್ದನ್ನು ಇದ್ದಂತೆ, ಉತ್ಪ್ರೇಕ್ಷೆಯಿಲ್ಲದೆ ಹೇಳುವುದು ಚಾಡಿಯಲ್ಲ.

ಗುತ್ತಿಗೆದಾರನ ಪಕ್ಷದಲ್ಲಿಯೂ ಹೇಳಬೇಕಾದುದಿದೆ. ಗೋಡೆ ಎದ್ದ ಮೇಲೆ ಅಡುಗೆಮನೆಯ ದಿಕ್ಕು ಬದಲಾಯಿಸಿ ಹೆಚ್ಚಿನ ಹಣ ಕೊಡದ ಮಾಲೀಕರು ಕಡಿಮೆಯಿಲ್ಲ. ಈ ಸೀಮೆಯ ದುಡಿಯುವ ಕೈಗಳು ಬೆಂಗಳೂರು, ಹೈದರಾಬಾದು, ಮುಂಬಯಿಗಳಿಗೆ ಗುಳೆ ಹೋಗುವುದೂ ಎಲ್ಲರಿಗೆ ತಿಳಿದ ಸಂಗತಿ. ಸರ್ಕಾರಿ ಬಿಲ್ಲು ತಡವಾದಾಗ ಒಬ್ಬರ ಮನೆಯ ಹಣವನ್ನು ಇನ್ನೊಂದು ಕೆಲಸಕ್ಕೆ ತಿರುಗಿಸುವ ಗುತ್ತಿಗೆದಾರ ತನ್ನನ್ನು ಕಳ್ಳನೆಂದು ಭಾವಿಸಿರುವುದಿಲ್ಲ; ಮುಂದಿನ ಬಿಲ್ಲಿನಲ್ಲಿ ಸರಿದೂಗಿಸುತ್ತೇನೆಂದೇ ನಂಬಿರುತ್ತಾನೆ. ಆದರೂ ಆ ಹಣ ಅವನದಲ್ಲ, ಮಾಸ್ತರರ ಗೋಡೆಯದು. ಕಷ್ಟವಿದ್ದರೆ ಲೆಕ್ಕ ಮುಂದಿಟ್ಟು ಮಾತಾಡುವುದು ಅವನ ಮೊದಲ ಕರ್ತವ್ಯ. ಫೋನು ಎತ್ತದಿರುವುದಕ್ಕೆ ಯಾವ ಬಿಲ್ಲೂ ಕಾರಣವಾಗದು.

ಕೊನೆಗೆ ಮಾಸ್ತರರಂತಹವರು ಅಳತೆ ಬರೆಸಿ, ದೂರು ದಾಖಲಿಸಿ, ಉಳಿದ ಕೆಲಸಕ್ಕೆ ತಾವೇ ಗೌಂಡಿಯನ್ನು ಹುಡುಕುತ್ತಾರೆ. ಸಿಗುವವನು ಎಷ್ಟೋ ಸಲ ಅದೇ ಗುತ್ತಿಗೆದಾರನ ಕೈಕೆಳಗೆ ಅದೇ ಗೋಡೆ ಕಟ್ಟಿದವನಾಗಿರುತ್ತಾನೆ. ಕರಣೆ ಹಿಡಿಯುವ ಮುನ್ನ ಅವನು ಒಂದು ಮಾತು ಕೇಳುತ್ತಾನೆ: ಹಿಂದಿನ ಮೂರು ವಾರದ ಪಗಾರ ತನಗಿನ್ನೂ ಬಂದಿಲ್ಲ, ಅದನ್ನು ಯಾರ ಬಳಿ ಕೇಳಬೇಕು?