ಪಂಜರ ಮಾಡಿದವರು ಯಾರು?

ಇವತ್ತಿನ ಹಾಗೇ ಬಿಟ್ಟೂಬಿಡದೆ ಮಳೆ ಹೊಯ್ಯುತ್ತಿದ್ದ ಆಷಾಢ ಅದು. ಸಾಗರ ಸೀಮೆಯ ಒಂದು ಪ್ರೌಢಶಾಲೆಯ ಸಭಾಂಗಣದಲ್ಲಿ ಶಿಕ್ಷಕರಿಗೊಂದು ರಂಗಶಿಬಿರ. ಕನ್ನಡ ಪಂಡಿತರು, ವಿಜ್ಞಾನದ ಟೀಚರು, ಡ್ರಿಲ್ ಮೇಷ್ಟ್ರು, ಎಲ್ಲ ಬಗೆಯವರೂ ಇದ್ದೆವು. ಹೆಚ್ಚಿನವರು ಬಣ್ಣ ಹಚ್ಚಿದವರೇ. ಜಾತ್ರೆಯಲ್ಲಿ ಕಂಪನಿ ನಾಟಕ ಆಡಿದವರು, ಗೆಜ್ಜೆ ಕಟ್ಟಿ ಆಟ ಕುಣಿದವರು, ಶಾಲಾ ವಾರ್ಷಿಕೋತ್ಸವಗಳಿಗೆ ನಾಟಕ ಏರಿಸಿ ಏರಿಸಿ ಪಳಗಿದವರು. ಆಡಲು ಬಂದವನಿಗೆ ಕಲಿಸಲೂ ಬರುತ್ತದೆ ಎನ್ನುವುದು ಅಲ್ಲಿ ಯಾರೂ ಪ್ರಶ್ನಿಸದ ನಂಬಿಕೆ.

ಶಿಬಿರ ನಡೆಸಲು ಬಂದವರು ಹೆಗ್ಗೋಡಿನಲ್ಲಿ ಕಲಿತ ಹಿರಿಯ ಮೇಷ್ಟ್ರು. ಆ ಹಳ್ಳಿಯಲ್ಲಿ ನೀನಾಸಮ್ ಹುಟ್ಟಿದ್ದು 1949ರಲ್ಲಿ, ಕೆ.ವಿ. ಸುಬ್ಬಣ್ಣನವರು ರಂಗಶಿಕ್ಷಣ ಕೇಂದ್ರ ಶುರುಮಾಡಿದ್ದು 1980ರಲ್ಲಿ. ನಮ್ಮ ಮೇಷ್ಟ್ರು ಅಲ್ಲಿನ ಮೊದಮೊದಲ ತಂಡಗಳವರು. ನಾವು ಯಾವ ಪಾತ್ರ ಮಾಡಿದ್ದೇವೆ, ಎಷ್ಟು ಬಹುಮಾನ ಬಂದಿದೆ ಎಂದು ಅವರು ಕೇಳಲೇ ಇಲ್ಲ. ಮೂಲೆಯಲ್ಲಿದ್ದ ಕಸಬರಿಗೆ ತೋರಿಸಿ, "ಮೊದಲು ನೆಲ ಗುಡಿಸೋಣ. ಆಮೇಲೆ ಈ ಜಾಗ ಅಳೆಯೋಣ" ಅಂದರು.

ಗುಡಿಸಿದೆವು. ಹೆಜ್ಜೆ ಹಾಕಿ ಉದ್ದಗಲ ಅಳೆದೆವು. ಎಲ್ಲಿ ಕಂಬ ಅಡ್ಡ ಬರುತ್ತದೆ, ಯಾವ ಕಿಟಕಿಯಿಂದ ಬೆಳಕು ಬೀಳುತ್ತದೆ, ಕಡೆಯ ಸಾಲಿನ ಮಗುವಿಗೆ ರಂಗದ ಎಷ್ಟು ಭಾಗ ಕಾಣುತ್ತದೆ ಎಂದು ಪಟ್ಟಿ ಮಾಡಿದೆವು. ಆಗ ಮೇಷ್ಟ್ರು ಭರತಮುನಿಯ ಮಾತು ತೆಗೆದರು. ನಾಟ್ಯಶಾಸ್ತ್ರದ ಎರಡನೇ ಅಧ್ಯಾಯ ಪೂರ್ತಿ ನಾಟಕದ ಮನೆ ಕಟ್ಟುವುದರ ಬಗ್ಗೆಯೇ ಇದೆ. ಮನುಷ್ಯರಿಗೆ ತಕ್ಕ ನಾಟ್ಯಮಂಟಪ 64 ಹಸ್ತ ಉದ್ದ, 32 ಹಸ್ತ ಅಗಲ; ನಮ್ಮ ಲೆಕ್ಕದಲ್ಲಿ ಸುಮಾರು 96 ಅಡಿಗೆ 48 ಅಡಿ. ಅದರಲ್ಲಿ ಅರ್ಧ ಆಡುವವರಿಗೆ, ಅರ್ಧ ನೋಡುವವರಿಗೆ. ಇದಕ್ಕಿಂತ ದೊಡ್ಡದಾದರೆ ಮಾತು ಮಸುಕಾಗುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ ಎಂದು ಅವನು ಕಾರಣವನ್ನೂ ಕೊಟ್ಟಿದ್ದಾನೆ. "ಅಳತೆ ಹುಟ್ಟಿದ್ದು ನೋಡುವವನ ಕಣ್ಣಿನಿಂದ, ಕಿವಿಯಿಂದ. ಕಲಿಸುವವನೂ ಅಲ್ಲಿಂದಲೇ ಶುರುಮಾಡಬೇಕು," ಅಂದರು ಮೇಷ್ಟ್ರು.

ಮರುದಿನ ಧ್ವನಿಯ ಪಾಠ. ತಗಡಿನ ಮಾಡಿನ ಮೇಲೆ ಮಳೆ ಬಡಿಯುತ್ತಿತ್ತು. ಎದುರಿಗೆ ನಿಂತವರು ಸಹಜವಾಗಿಯೇ ಕೂಗತೊಡಗಿದರು. ಮೇಷ್ಟ್ರು ತಡೆದು, ಎಲ್ಲರನ್ನೂ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಒಂದೊಂದು ಪುಸ್ತಕ ಇಡಿಸಿದರು. ಉಸಿರು ಎಳೆದಾಗ ಪುಸ್ತಕ ಏಳಬೇಕು, ಬಿಟ್ಟಾಗ ನಿಧಾನ ಇಳಿಯಬೇಕು. ಎದೆ, ಭುಜ ಏರಿದರೆ ಉಸಿರು ಮೇಲೆಮೇಲೇ ಉಳಿಯಿತೆಂದು ಅರ್ಥ. ಅಂಥ ಉಸಿರಿನಲ್ಲಿ ಕೂಗಿಸಿದರೆ ಎಳೆಯ ಗಂಟಲು ಒಡೆಯುತ್ತದೆ. ಮತ್ತೊಂದು ಸಂಗತಿ ಕನ್ನಡಕ್ಕೇ ಸೇರಿದ್ದು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕಡೆಗೆ. ಮಕ್ಕಳ ಉಸಿರು ಮುಗಿಯುವುದೂ ಅಲ್ಲೇ. ರಾಜ "ಬರುತ್ತಾನೆ" ಅಂದನೋ "ಬರುವುದಿಲ್ಲ" ಅಂದನೋ ಹಿಂದಿನ ಸಾಲಿಗೆ ತಿಳಿಯದೆ ಹೋಗುವುದು ಹೀಗೆ. ಜೋರಾಗಿ ಹೇಳು ಅನ್ನುವ ಬದಲು ಕಡೆಯ ಪದದ ತನಕ ಉಸಿರು ಉಳಿಸಿಕೋ ಅನ್ನಬೇಕು ಎಂದರು. ಅಂದಿನಿಂದ ನಾನು ಶಾಲೆಯಲ್ಲಿ "ಜೋರಾಗಿ" ಎಂಬ ಮಾತು ಬಳಸಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮಧ್ಯಾಹ್ನದ ಸಂಗತಿ. ಊಟ ಮುಗಿದ ಮೇಲೆ ಆ ಶಾಲೆಯ ಎಂಟನೇ ತರಗತಿಯ ಮಕ್ಕಳು ಬಂದರು. ಎತ್ತಿಕೊಂಡದ್ದು ರವೀಂದ್ರನಾಥ ಠಾಕೂರರು 1918ರಲ್ಲಿ ಪ್ರಕಟಿಸಿದ ಗಿಳಿಯ ಕಥೆ. ಬಿ.ವಿ. ಕಾರಂತರು ಅದನ್ನು 'ಪಂಜರ ಶಾಲೆ' ಎಂಬ ನಾಟಕವಾಗಿ ನಮ್ಮ ಮಕ್ಕಳ ರಂಗಭೂಮಿಗೆ ತಂದರು. ಹಾಡಿಕೊಂಡಿದ್ದ ಒಂದು ಹಕ್ಕಿಗೆ ವಿದ್ಯೆ ಕಲಿಸಲು ರಾಜ ಅಪ್ಪಣೆ ಕೊಡುತ್ತಾನೆ. ಅಕ್ಕಸಾಲಿಗ ಚಿನ್ನದ ಪಂಜರ ಮಾಡುತ್ತಾನೆ, ಲಿಪಿಕಾರರು ಪುಸ್ತಕ ಬರೆದು ರಾಶಿ ಹಾಕುತ್ತಾರೆ, ಪಂಡಿತರು ಹಾಳೆಗಳನ್ನು ಕೊಕ್ಕಿನೊಳಗೆ ತುರುಕುತ್ತಾರೆ. ಎಲ್ಲರೂ ಸಂಬಳ ಪಡೆಯುತ್ತಾರೆ. ಹಕ್ಕಿ ಸಾಯುತ್ತದೆ.

ನಮ್ಮಲ್ಲೊಬ್ಬರು ಒಳ್ಳೆಯ ನಟರು. ಪಂಡಿತನ ಪಾತ್ರ ಹೇಳಿಕೊಡಲು ಮುಂದೆ ಬಂದರು. ಮಾತನ್ನು ತಾವೇ ಆಡಿ ತೋರಿಸಿದರು, ಬಲಗೈ ಎತ್ತಿ, ಹುಬ್ಬು ಏರಿಸಿ, ರಾಗ ಎಳೆದು. ಸೊಗಸಾಗಿತ್ತು. ಮಕ್ಕಳು ಒಬ್ಬರಾದ ಮೇಲೊಬ್ಬರು ಅದನ್ನೇ ಒಪ್ಪಿಸಿದರು. ಎಲ್ಲರದ್ದೂ ಅದೇ ಕೈ, ಅದೇ ಹುಬ್ಬು, ಅದೇ ರಾಗ. ನಾವು ಚಪ್ಪಾಳೆ ತಟ್ಟಿದೆವು.

ಮೇಷ್ಟ್ರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬ ಹುಡುಗನನ್ನು ಕರೆದು ಮೆತ್ತಗೆ ಕೇಳಿದರು: "ಈ ಪಂಡಿತನಿಗೆ ಏನು ಬೇಕಪ್ಪ?" ಹುಡುಗ ನಟರ ಮುಖ ನೋಡಿದ. ಉತ್ತರ ಅಲ್ಲಿರಬಹುದು ಎಂದುಕೊಂಡನೋ ಏನೋ.

ಮೇಷ್ಟ್ರು ಆ ನಟರನ್ನು ತಗ್ಗಿಸಿ ಮಾತಾಡಲಿಲ್ಲ. ನೋಡಿ ಕಲಿಯುವುದು ನಮ್ಮ ದೊಡ್ಡ ಪರಂಪರೆ ಅಂದರು. ಯಕ್ಷಗಾನದ ಹೆಜ್ಜೆಯನ್ನು ಬಾಯಿತಾಳ ಹೇಳಿಸಿ, ಗುರು ಕುಣಿದು ತೋರಿಸಿಯೇ ಕಲಿಸುವುದು. ಮಾತಿನಲ್ಲಿ ವಿವರಿಸಿದರೆ ಅದು ಕಾಲಿಗೆ ಇಳಿಯುವುದಿಲ್ಲ. ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಸೇರಿದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನೇ. ಹಾಡು, ತಾಳ, ರಂಗದ ಶಿಸ್ತು ಅಲ್ಲಿ ಮೈಗೂಡಿತು. ದೇಹದ ಕಸುಬನ್ನು ತೋರಿಸಿ ಕಲಿಸಿ, ಪಾತ್ರದ ಮನಸ್ಸನ್ನು ಕೇಳಿ ಕಲಿಸಿ ಎಂದು ಮೇಷ್ಟ್ರು ಗೆರೆ ಎಳೆದರು. ಕೇಳಬೇಕಾದ್ದೂ ಮೂರೇ: ನೀನು ಯಾರು, ಎಲ್ಲಿದ್ದೀಯ, ಏನು ಮಾಡುತ್ತಿದ್ದೀಯ? ಷಿಕಾಗೋದಲ್ಲಿ ವಲಸಿಗರ ಮಕ್ಕಳ ಜತೆ ಆಟ ಕಟ್ಟಿದ ವಯೋಲಾ ಸ್ಪೋಲಿನ್ 1963ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಮೂರು ಪ್ರಶ್ನೆಗಳ ಮೇಲೆಯೇ ಪಾಠಗಳನ್ನು ನಿಲ್ಲಿಸಿದ್ದಾರೆ.

ಆಮೇಲೆ ಮೇಷ್ಟ್ರು ಹೊರಗೆ ಹೋದರು. ಮರಳಿ ಬಂದಾಗ ಹೆಗಲ ಮೇಲೆ ಒಂದು ಶಾಲು, ಕೈಯಲ್ಲಿ ಸುರುಳಿ ಸುತ್ತಿದ ಹಾಳೆ. ಧ್ವನಿ ಏರಿಸಲಿಲ್ಲ, ವೇಷ ಬದಲಿಸಲಿಲ್ಲ. "ನಾನು ಅರಮನೆಯಿಂದ ಬಂದಿದ್ದೇನೆ. ಹಕ್ಕಿ ಸತ್ತಿದೆ. ಕಾರಣ ಯಾರು ಎಂದು ಸಂಜೆಯೊಳಗೆ ಅರಸರಿಗೆ ವರದಿ ಕೊಡಬೇಕು. ನೀವೆಲ್ಲ ಆ ಕೆಲಸದಲ್ಲಿದ್ದವರು ಅಂತ ಕೇಳಿದೆ," ಅಂದು ನೆಲದ ಮೇಲೆ ಕೂತು ಬರೆಯಲು ಸಿದ್ಧರಾದರು.

ಒಂದಿಷ್ಟು ಹೊತ್ತು ಯಾರೂ ಉಸಿರೆತ್ತಲಿಲ್ಲ. ನಮಗೆ ಚಡಪಡಿಕೆ, ಮೇಷ್ಟ್ರಿಗೆ ಯಾವ ಅವಸರವೂ ಇರಲಿಲ್ಲ. ಕಡೆಗೆ ಒಬ್ಬ ಹುಡುಗಿ ಎದ್ದಳು. "ನಾನು ಅಕ್ಕಸಾಲಿ. ಪಂಜರ ಮಾಡು ಅಂದ್ರು, ಮಾಡಿದೆ. ಹಕ್ಕಿಗೆ ಎಷ್ಟು ಜಾಗ ಬೇಕು ಅಂತ ನನಗೆ ಯಾರೂ ಹೇಳಲಿಲ್ಲ." ಮೇಷ್ಟ್ರು ಬರೆದುಕೊಂಡು ಕೇಳಿದರು: "ನೀವು ಕೇಳಿದಿರಾ?" ಹುಡುಗಿ ಸ್ವಲ್ಪ ತಡೆದು, "ಕೇಳಿದ್ದರೆ ಕೆಲಸ ಬೇರೆಯವರಿಗೆ ಹೋಗ್ತಿತ್ತು" ಅಂದಳು. ಅಷ್ಟೇ, ಕಟ್ಟೆ ಒಡೆಯಿತು. ಲಿಪಿಕಾರರು ಪಂಡಿತರ ಮೇಲೆ, ಪಂಡಿತರು ರಾಜನ ಅಪ್ಪಣೆಯ ಮೇಲೆ, ಕಾವಲುಗಾರರು ಎಲ್ಲರ ಮೇಲೆ ಹೊರಿಸಿದರು. ಮೊದಲು ಮುಖ ನೋಡುತ್ತ ನಿಂತಿದ್ದ ಆ ಹುಡುಗ ಪಂಡಿತನಾಗಿ, "ಹಕ್ಕಿ ಹಾಡ್ತಾ ಇದ್ರೆ ನಾನು ಪಾಠ ಮಾಡ್ತಾ ಇದ್ದೀನಿ ಅಂತ ರಾಜರಿಗೆ ಹೇಗೆ ಗೊತ್ತಾಗಬೇಕು?" ಎಂದು ವಾದಿಸಿದ. ಈಗ ಅವನ ಕೈ ಎತ್ತಿರಲಿಲ್ಲ, ಬೆನ್ನ ಹಿಂದೆ ಕಟ್ಟಿತ್ತು. ಪಂಡಿತನಿಗೆ ಏನು ಬೇಕು ಎಂಬುದು ಅವನಿಗೆ ಗೊತ್ತಾಗಿತ್ತು.

ಶಿಕ್ಷಕ ತಾನೇ ಒಂದು ಪಾತ್ರವಾಗಿ ಕಥೆಯೊಳಗೆ ಕಾಲಿಡುವ ಈ ಕ್ರಮವನ್ನು ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಬೆಳೆಸಿದರು. ಹದಿನಾಲ್ಕರ ವಯಸ್ಸಿಗೇ ಯಾರ್ಕ್‌ಷೈರಿನ ಉಣ್ಣೆ ಗಿರಣಿಗೆ ಸೇರಿದ ಈಕೆ 1950ರಿಂದ ನ್ಯೂಕಾಸಲ್‌ನಲ್ಲಿ ಶಿಕ್ಷಕರನ್ನು ತಯಾರುಮಾಡಿದವರು. ಅದನ್ನು ಮೇಷ್ಟ್ರು ಹೇಳಿದ್ದು ರಾತ್ರಿ, ಊಟದ ಹೊತ್ತಿನಲ್ಲಿ. ಮಧ್ಯಾಹ್ನ ಅವರಿಗೆ ಅದಕ್ಕಿಂತ ಮುಖ್ಯವಾದ ಕೆಲಸವಿತ್ತು. ಆಟ ಮುಗಿದ ಕೂಡಲೇ ಶಾಲು ತೆಗೆದು ಮಡಚಿಟ್ಟರು. ಮಕ್ಕಳನ್ನು ವೃತ್ತವಾಗಿ ಕೂರಿಸಿ, ಒಬ್ಬೊಬ್ಬರಿಂದಲೂ ಅವರವರ ಹೆಸರು ಹೇಳಿಸಿದರು. ಹಕ್ಕಿಯಾಗಿ ನೆಲದ ಮೇಲೆ ಬಿದ್ದಿದ್ದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲರೂ ಸೇರಿ ಒಂದು ಹಾಡು ಹಾಡಿದ ಮೇಲಷ್ಟೇ ಕಳಿಸಿದರು. ಪಾತ್ರಕ್ಕೆ ಹತ್ತಿಸಿದವನೇ ಇಳಿಸಬೇಕು, ಅದನ್ನು ಮನೆಗೆ ಹೊತ್ತು ಹೋಗಲು ಬಿಡಬಾರದು ಎನ್ನುವುದು ಅವರ ಕಟ್ಟುನಿಟ್ಟು. ಹಲಗೆಯ ಮೊಳೆ, ಒದ್ದೆ ಗೋಡೆಯ ವೈರು, ಮಗುವಿನ ಮೈ ಮುಟ್ಟುವ ಮುಂಚೆ ಕೇಳುವ ಅನುಮತಿ, ಇವೆಲ್ಲವನ್ನೂ ಅಷ್ಟೇ ಬಿಗಿಯಾಗಿ ನೋಡುತ್ತಿದ್ದರು.

ಆ ಶಿಬಿರದಿಂದ ನಾನು ಉಳಿಸಿಕೊಂಡದ್ದು ಇದು. ನಾಟಕ ಕಲಿಸುವವನಿಗೆ ಜಾಗದ ಅಳತೆ ಗೊತ್ತಿರಬೇಕು, ಉಸಿರಿನ ಲೆಕ್ಕ ಗೊತ್ತಿರಬೇಕು, ಕೃತಿಯನ್ನು ಬಿಡಿಸಿ ಓದಲು ಬರಬೇಕು, ಒಂದಿಷ್ಟು ತಾಳ, ಒಂದಿಷ್ಟು ರಂಗದ ಚರಿತ್ರೆ ಬೇಕು. ಇವು ಪುಸ್ತಕದಿಂದ, ಗುರುವಿನಿಂದ, ಅಭ್ಯಾಸದಿಂದ ಸಿಗುತ್ತವೆ. ಇವೆಲ್ಲ ಸೇರಿ ಕೆಲಸಕ್ಕೆ ಬರುವುದು ಒಂದು ಸರಿಯಾದ ಪ್ರಶ್ನೆ ಕೇಳಿ, ಉತ್ತರ ಹುಟ್ಟುವ ತನಕ ಕಾಯಬಲ್ಲವನ ಕೈಯಲ್ಲಿ ಮಾತ್ರ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಗಳು ಕಲಿಕೆಯ ಭಾಗವಾಗಿರಬೇಕು ಎಂದಿತು. ಆ ಕಲೆಗಳಲ್ಲಿ ನಾಟಕವೂ ಇದೆ. ಆದರೂ ಎಷ್ಟೋ ಶಾಲೆಗಳಿಗೆ ನಾಟಕ ನೆನಪಾಗುವುದು ವಾರ್ಷಿಕೋತ್ಸವ ಹತ್ತಿರ ಬಂದಾಗ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ಕೋರಿಕೆ: ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪೀರಿಯಡ್ಡು ನಾಟಕಕ್ಕೆ ಬಿಡಿ. ವೇದಿಕೆ ಬೇಡ, ಪರದೆ ಬೇಡ, ಬಣ್ಣವೂ ಬೇಡ. ಗುಡಿಸಿದ ಒಂದು ಕೋಣೆ ಮತ್ತು ಕಲಿಸಲು ಕಲಿತ ಒಬ್ಬ ಶಿಕ್ಷಕ ಸಾಕು.